ಬಿ.ಇ.2ಸಿ ಮಾಡೆಲ್‌ಗೆ ತಂತಿ ಕಟ್ಟಿದ ನನ್ನ ಅನುಭವ

ಹೋದ ಮಳೆಗಾಲದಲ್ಲಿ 1/72 ಅಳತೆಯ ಬಿ.ಇ.2ಸಿ ಪ್ಲಾಸ್ಟಿಕ್ ಕಿಟ್ ಜೋಡಿಸಲು ಕೂತೆ. ಮೊದಲ ಮಹಾಯುದ್ಧದಲ್ಲಿ ಶತ್ರುಗಳ ಕಂದಕಗಳ ಫೋಟೊ ತೆಗೆಯಲು, ಫಿರಂಗಿ ಗುಂಡು ಎಲ್ಲಿ ಬಿತ್ತು ಅಂತ ನೋಡಿ ಹೇಳಲು ಬ್ರಿಟಿಷರು ಹಾರಿಸುತ್ತಿದ್ದ ಎರಡು ಸೀಟಿನ ವಿಮಾನ ಇದು. ಮಾಡೆಲ್‌ನ ರೆಕ್ಕೆ ತುದಿಯಿಂದ ತುದಿಗೆ 16 ಸೆಂ.ಮೀ. ಕೂಡ ಇಲ್ಲ. ಸುಲಭ ಅನಿಸುತ್ತದೆ ಅಲ್ವಾ? ಕಷ್ಟವೆಲ್ಲ ಒಂದರ ಮೇಲೊಂದಿರುವ ಎರಡು ರೆಕ್ಕೆಗಳನ್ನು ಬಿಗಿಯಾಗಿ ಹಿಡಿಯುವ ತಂತಿಯಲ್ಲಿದೆ.

ಮೊದಲ ಕಿಟ್‌ನಲ್ಲಿ ಎರಡೂ ರೆಕ್ಕೆ ಅಂಟಿಸಿ ಆಮೇಲೆ ಬಣ್ಣ ಹಚ್ಚಲು ಹೋದೆ. ಬ್ರಷ್ ಒಳಗೆ ಹೋಗಲಿಲ್ಲ, ಎರಡು ಆಧಾರದ ಕಡ್ಡಿ ಮುರಿದವು. ಎರಡನೇ ಕಿಟ್‌ನಲ್ಲಿ ಬಣ್ಣ ಮೊದಲೇ ಮುಗಿಸಿ, ತಂತಿ ಬರುವ ಕಡೆಯೆಲ್ಲ 0.3 ಮಿ.ಮೀ. ಡ್ರಿಲ್ ಅನ್ನು ಬೆರಳಲ್ಲೇ ತಿರುಗಿಸಿ ತೂತು ಮಾಡಿಕೊಂಡೆ. 2ಸಿಯಲ್ಲಿ ಮೇಲಿನ ರೆಕ್ಕೆ ಕೆಳಗಿನದಕ್ಕಿಂತ ಸ್ವಲ್ಪ ಮುಂದಿರುತ್ತದೆ, ಹಾಗಾಗಿ ಅದೇ ಅಳತೆಗೆ ರಟ್ಟು ಕತ್ತರಿಸಿ ಆಸರೆ ಕೊಟ್ಟು ರಾತ್ರಿಯಿಡೀ ಒಣಗಲು ಬಿಟ್ಟೆ. ತಂತಿಗೆ ಮೀನು ಹಿಡಿಯುವ ದಾರ ಹಾಕಿ ನೋಡಿದೆ, ಬಿಗಿ ಜಾಸ್ತಿಯಾಗಿ ರೆಕ್ಕೆ ಬಾಗಿತು. ಕೂದಲಿನಷ್ಟು ತೆಳ್ಳಗಿನ ಎಲಾಸ್ಟಿಕ್ ದಾರವೇ ಸರಿ. ಸೂಜಿ ತುದಿಯಲ್ಲಿ ಸೂಪರ್ ಗ್ಲೂ ತೆಗೆದುಕೊಂಡು ನಡುವಿನಿಂದ ಹೊರಕ್ಕೆ ಕಟ್ಟುತ್ತಾ ಹೋಗಿ, ಅವಸರ ಬೇಡ.

ಕಟ್ಟುತ್ತಾ ಕಟ್ಟುತ್ತಾ ಮುಂದಿನ ಸೀಟು ತಂತಿಯ ಪಂಜರದ ಒಳಗೆ ಸೇರಿಕೊಂಡಿತು. ಅಲ್ಲಿ ಕೂರುತ್ತಿದ್ದವನು ವೀಕ್ಷಕ, ಪೈಲಟ್ ಕೂರುತ್ತಿದ್ದುದು ಅವನ ಹಿಂದಿನ ಸೀಟಿನಲ್ಲಿ. ಬಾಂಬ್ ಒಯ್ಯುವಾಗ ತೂಕ ಉಳಿಸಲು ವೀಕ್ಷಕನನ್ನು ಬಿಟ್ಟು ಹೋಗುತ್ತಿದ್ದರು, ಆಗಲೂ ವಿಮಾನದ ತೂಕ ಹಿಂದೆ ಮುಂದೆ ಆಗಬಾರದು ಅಂತ ಅವನ ಸೀಟನ್ನು ತೂಕದ ನಡುವಿನ ಹತ್ತಿರ ಇಟ್ಟಿದ್ದರು. ಆದರೆ ಗನ್ ಹಿಡಿದವನಿಗೆ ಮುಂದೆ ಪ್ರೊಪೆಲರ್, ಮೇಲೆ ರೆಕ್ಕೆ, ಸುತ್ತ ತಂತಿ, ಹಿಂದೆ ಪೈಲಟ್‌ನ ತಲೆ. ಎತ್ತ ಹೊಡೆಯಬೇಕು? 1915ರಲ್ಲಿ ತಿರುಗುವ ಪ್ರೊಪೆಲರ್‌ನ ಅಲಗುಗಳ ನಡುವಿನಿಂದಲೇ ಗುಂಡು ಹಾರಿಸುವ ಜರ್ಮನ್ ಫೋಕರ್ ಯುದ್ಧವಿಮಾನಗಳು ಬಂದಾಗ ಇವರಿಗೆ ದಿಕ್ಕೇ ಇರಲಿಲ್ಲ. ತಾನಾಗಿಯೇ ನೆಟ್ಟಗೆ ಹಾರುವಂತೆ ಇದನ್ನು ರೂಪಿಸಿದ್ದ ಎಡ್ವರ್ಡ್ ಬಸ್ಕ್ ಅದನ್ನೆಲ್ಲ ನೋಡಲಿಲ್ಲ. 1914ರ ನವೆಂಬರ್‌ನಲ್ಲಿ ಅವನು ಹಾರಿಸುತ್ತಿದ್ದ 2ಸಿಗೇ ಗಾಳಿಯಲ್ಲಿ ಬೆಂಕಿ ಹತ್ತಿ ತೀರಿಕೊಂಡ. ಫೋಟೊ ತೆಗೆಯಲು ಆ ನೆಟ್ಟಗಿನ ಹಾರಾಟ ತುಂಬಾ ಚೆನ್ನಾಗಿತ್ತು, ಥಟ್ಟನೆ ತಿರುಗಿ ತಪ್ಪಿಸಿಕೊಳ್ಳಲು ಅದೇ ಅಡ್ಡಿಯಾಯಿತು.

ಇನ್ನೊಂದು ಮಾತು. ವೀಕ್ಷಕನ ಪುಟ್ಟ ಗೊಂಬೆಯನ್ನು ತಂತಿ ಕಟ್ಟುವ ಮೊದಲೇ ಕೂರಿಸಿಬಿಡಿ. ನಾನು ಕೊನೆಗೆ ಉಳಿಸಿಕೊಂಡಿದ್ದೆ, ಚಿಮುಟದಲ್ಲಿ ಹಿಡಿದು ಅವನನ್ನು ಒಳಗೆ ಇಳಿಸಲು ಕಟ್ಟಿದ್ದ ಎರಡು ತಂತಿ ಕತ್ತರಿಸಬೇಕಾಯಿತು.