ಒಂದು ತಾರೀಖು, ಐದು ಸಾಲು: ಶಾಲೆಗೆ ‘ದಿನ ವಿಶೇಷ’ ಬರೆಯುವುದು ಹೇಗೆ?

ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಮುಂದೆ ಬಂದು ‘ಇಂದಿನ ದಿನ ವಿಶೇಷ’ ಓದುವುದು ಬಹಳ ಶಾಲೆಗಳಲ್ಲಿದೆ. ಮೊಬೈಲಿನಲ್ಲಿ ಸಿಕ್ಕ ಪಟ್ಟಿಯನ್ನು ಹಾಗೇ ಇಳಿಸಿಕೊಂಡರೆ ಹತ್ತು ಇಸವಿ, ಹತ್ತು ಹೆಸರು ಗಡಗಡ ಓದಿ ಮುಗಿಯುತ್ತದೆ. ತರಗತಿಗೆ ಹೋಗುವಷ್ಟರಲ್ಲಿ ಯಾರಿಗೂ ಒಂದೂ ನೆನಪಿರುವುದಿಲ್ಲ. ಈ ಕೆಲಸದಲ್ಲಿ ಹುಡುಕುವುದು ಸುಲಭ, ಕೈಬಿಡುವುದೇ ಕಷ್ಟ. ಸೆಪ್ಟೆಂಬರ್ 15ನ್ನು ಇಟ್ಟುಕೊಂಡು ಮಾಡಿ ನೋಡೋಣ.

ಮೊದಲು ಗುಡ್ಡೆ ಹಾಕಿ

ಒಂದು ಹಾಳೆಯಲ್ಲಿ ಸಿಕ್ಕಿದ್ದನ್ನೆಲ್ಲ ಬರೆದುಕೊಳ್ಳಿ. ಸರ್ ಎಂ. ವಿಶ್ವೇಶ್ವರಯ್ಯನವರು ಮುದ್ದೇನಹಳ್ಳಿಯಲ್ಲಿ ಹುಟ್ಟಿದ ದಿನ, ಅದಕ್ಕೇ ಎಂಜಿನಿಯರುಗಳ ದಿನ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಅಣ್ಣಾದೊರೈ ಹುಟ್ಟಿದ್ದು 1909ರ ಇದೇ ದಿನ. 1821ರಲ್ಲಿ ಮಧ್ಯ ಅಮೆರಿಕದ ಸ್ವಾತಂತ್ರ್ಯ ಘೋಷಣೆ. 1830ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಮಾರ್ಗ. 1916ರಲ್ಲಿ ಯುದ್ಧದಲ್ಲಿ ಮೊದಲ ಬಾರಿ ಟ್ಯಾಂಕ್. 1959ರಲ್ಲಿ ದೆಹಲಿಯಲ್ಲಿ ಪ್ರಾಯೋಗಿಕವಾಗಿ ದೂರದರ್ಶನ. 2008ರಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕಿನ ದಿವಾಳಿ ಅರ್ಜಿ. ನಟ–ನಟಿಯರ, ಆಟಗಾರರ ಹುಟ್ಟುಹಬ್ಬ ಬೇರೆ.

ಐದಕ್ಕೆ ಇಳಿಸಿ

ಮಕ್ಕಳು ನಿಂತುಕೊಂಡೇ ಕೇಳಬೇಕು, ಐದಕ್ಕಿಂತ ಹೆಚ್ಚು ಬೇಡ. ಎಂಟನೇ ತರಗತಿಯವರಿಗೆ ಲೇಮನ್ ಬ್ರದರ್ಸ್ ಕಟ್ಟಿಕೊಂಡು ಏನಾಗಬೇಕು, ತೆಗೆಯಿರಿ. ‘ಇಂಥವರು ಹುಟ್ಟಿದರು’ ಎಂಬುದಷ್ಟೇ ಗೊತ್ತಿದ್ದು, ಮುಂದೆ ಹೇಳಲು ಏನೂ ಇಲ್ಲದಿದ್ದರೆ ಅದನ್ನೂ ತೆಗೆಯಿರಿ. ನನ್ನ ಪಟ್ಟಿಯಲ್ಲಿ ಉಳಿಯುವುದು ಎಂಜಿನಿಯರು, ರೈಲು, ಟ್ಯಾಂಕ್, ಟಿ.ವಿ. ಮತ್ತು ಮಧ್ಯ ಅಮೆರಿಕ. ನಾಲ್ಕು ಯಂತ್ರದ ಕಥೆ, ಒಂದು ಸ್ವಾತಂತ್ರ್ಯದ ಕಥೆ. ಪಟ್ಟಿಗೆ ತಾನಾಗಿ ಒಂದು ಜಾಡು ಸಿಕ್ಕರೆ ಬಿಡಬೇಡಿ.

ತಾರೀಖು ಸರಿಯೇ ನೋಡಿ

ಇಲ್ಲಿ ಅವಸರ ಮಾಡಬಾರದು. ವಿಶ್ವೇಶ್ವರಯ್ಯನವರ ಹುಟ್ಟಿದ ದಿನದ ಬಗ್ಗೆ ಜಗಳವಿಲ್ಲ, ಇಸವಿ ಮಾತ್ರ ಕೆಲವು ಕಡೆ 1860, ಕೆಲವು ಕಡೆ 1861 ಎಂದಿದೆ. ಶತಮಾನೋತ್ಸವ ನಡೆದದ್ದು 1960ರಲ್ಲಿ. ಆ ವರ್ಷ ಅಂಚೆ ಇಲಾಖೆ ಅವರ ಅಂಚೆಚೀಟಿ ತಂದಾಗ ಅವರಿನ್ನೂ ಬದುಕಿದ್ದರು. ಹಾಗಾಗಿ ‘ಇಷ್ಟನೇ ಜಯಂತಿ’ ಎಂದು ಲೆಕ್ಕ ಹಾಕಿ ಬರೆಯುವ ಚಟ ಬೇಡ. ‘ಜನ್ಮದಿನ’ ಎಂದರೆ ಸಾಕು.

ಎರಡನೆಯದು ಗಡಿಯಾರ. ಅಪೊಲೊ 11 ಚಂದ್ರನ ಮೇಲಿಳಿದದ್ದು ಅಮೆರಿಕದ ಲೆಕ್ಕದಲ್ಲಿ 1969ರ ಜುಲೈ 20. ನಮ್ಮ ಗಡಿಯಾರದಲ್ಲಿ ಆಗಲೇ 21ರ ಬೆಳಗಿನ ಜಾವ 1 ಗಂಟೆ 47 ನಿಮಿಷ. ಆರ್ಮ್‌ಸ್ಟ್ರಾಂಗ್ ಕಾಲಿಟ್ಟಾಗ ಇಲ್ಲಿ ಬೆಳಿಗ್ಗೆ ಎಂಟೂವರೆ ಹತ್ತಿರ. ಯಾವುದನ್ನು ಬರೆದರೂ ಯಾವ ದೇಶದ ಸಮಯ ಎಂದು ಹೇಳಿ.

ಮೂರನೆಯದು ಪಂಚಾಂಗ. ನ್ಯೂಟನ್ ಹುಟ್ಟಿದಾಗ ಇಂಗ್ಲೆಂಡಿನಲ್ಲಿ 1642ರ ಡಿಸೆಂಬರ್ 25, ಈಗ ನಾವು ಬಳಸುವ ಹೊಸ (ಗ್ರೆಗೋರಿಯನ್) ಕ್ಯಾಲೆಂಡರ್ ಒಪ್ಪಿದ್ದ ದೇಶಗಳಲ್ಲಿ 1643ರ ಜನವರಿ 4. ಬ್ರಿಟನ್ ಹೊಸದಕ್ಕೆ ಬದಲಾದದ್ದು 1752ರಲ್ಲಿ: ಸೆಪ್ಟೆಂಬರ್ 2ರ ಮರುದಿನ ನೇರವಾಗಿ 14. ನಡುವಿನ ಹನ್ನೊಂದು ತಾರೀಖುಗಳಲ್ಲಿ ಆ ವರ್ಷ ಅಲ್ಲಿ ಏನೋ ನಡೆಯಿತೆಂದು ಯಾರಾದರೂ ಬರೆದುಕೊಟ್ಟರೆ ನಂಬಬೇಡಿ. ನಮ್ಮಲ್ಲಿ ಬಸವ ಜಯಂತಿ, ಕನಕ ಜಯಂತಿ, ವಾಲ್ಮೀಕಿ ಜಯಂತಿ ತಿಥಿಯ ಪ್ರಕಾರ ಬರುವುದರಿಂದ ತಾರೀಖಿನ ಪಟ್ಟಿಗೆ ಸೇರುವುದಿಲ್ಲ. ಅವಕ್ಕೆ ಬೇರೆ ಹಾಳೆ ಇಡಿ, ಪ್ರತಿವರ್ಷ ಕ್ಯಾಲೆಂಡರ್ ನೋಡಿ ತುಂಬಿಸಿ.

ಈಗ ಸಾಲು ಬರೆಯಿರಿ

‘ಮಹಾನ್ ಮೇಧಾವಿ, ಆಧುನಿಕ ಮೈಸೂರಿನ ಶಿಲ್ಪಿ’ ಎಂದು ಪ್ರತಿವರ್ಷ ಕೇಳಿ ಮಕ್ಕಳ ಕಿವಿ ದಡ್ಡಾಗಿದೆ. ಬದಲಿಗೆ ಹೀಗೆ ಬರೆದು ನೋಡಿ: ‘ಜಲಾಶಯದಲ್ಲಿ ನೀರು ಮಟ್ಟ ಮೀರಿದರೆ ತಾನಾಗಿ ತೆರೆದುಕೊಂಡು, ಇಳಿದರೆ ತಾನಾಗಿ ಮುಚ್ಚುವ ಗೇಟನ್ನು ವಿಶ್ವೇಶ್ವರಯ್ಯನವರು ರೂಪಿಸಿದರು. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಅದನ್ನು ಕೂರಿಸಿದರು.’ ಹೊಗಳಿಕೆ ಒಂದೂ ಇಲ್ಲ, ಆದರೂ ಹುಡುಗರು ‘ಅದು ಹೇಗೆ ತೆರೆಯುತ್ತೆ ಸಾರ್?’ ಎಂದು ಕೇಳುತ್ತಾರೆ.

ರೈಲಿನ ಸಾಲೂ ಹಾಗೇ. ‘ಉದ್ಘಾಟನೆಯಾಯಿತು’ ಎಂದು ಬಿಡಬೇಡಿ. ದಾರಿಯಲ್ಲಿ ಎಂಜಿನ್ನಿಗೆ ನೀರು ತುಂಬಿಸಲು ನಿಲ್ಲಿಸಿದಾಗ ವಿಲಿಯಂ ಹಸ್ಕಿಸನ್ ಎಂಬ ಸಂಸದರು ಕೆಳಗಿಳಿದು, ಬ್ರಿಟನ್ನಿನ ಪ್ರಧಾನಿ ವೆಲಿಂಗ್ಟನ್ ಅವರನ್ನು ಮಾತಾಡಿಸಲು ಬೋಗಿಯ ಹತ್ತಿರ ಹೋದರು. ಅಷ್ಟರಲ್ಲಿ ಪಕ್ಕದ ಹಳಿಯ ಮೇಲೆ ‘ರಾಕೆಟ್’ ಎಂಜಿನ್ ಬಂದು ಅವರ ಕಾಲಿನ ಮೇಲೆ ಹರಿಯಿತು. ಅಂದು ರಾತ್ರಿಯೇ ತೀರಿಕೊಂಡರು. ಹಳಿ ದಾಟುವ ಮುನ್ನ ಎರಡೂ ಕಡೆ ನೋಡಿ ಎಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಮಧ್ಯ ಅಮೆರಿಕಕ್ಕೆ ಒಂದೇ ಮಾತು: ಘೋಷಣೆಯಾದದ್ದು ಗ್ವಾಟೆಮಾಲಾ ನಗರದಲ್ಲಿ, ಅದೇ ಪ್ರದೇಶದ ಕೋಸ್ಟರಿಕಕ್ಕೆ ಸುದ್ದಿ ಮುಟ್ಟಲು ಸುಮಾರು ಒಂದು ತಿಂಗಳು ಬೇಕಾಯಿತು. ಆದರೂ ಅವರು ಸ್ವಾತಂತ್ರ್ಯ ದಿನ ಆಚರಿಸುವುದು 15ಕ್ಕೇ. ಟ್ಯಾಂಕ್, ಟಿ.ವಿ. ಎರಡಕ್ಕೂ ಒಂದೊಂದು ಸಾಲು ಸಾಕು.

ಚೀಟಿ ಎತ್ತಿಡಿ

ಓದಿ ಮುಗಿದ ಹಾಳೆಯನ್ನು ಎಸೆಯಬೇಡಿ. ತಾರೀಖಿಗೊಂದು ರಟ್ಟಿನ ಚೀಟಿ ಮಾಡಿ, ಕೈಬಿಟ್ಟ ಸಂಗತಿಗಳನ್ನು ಹಿಂಬದಿಯಲ್ಲಿ ಬರೆದು, ತಿಂಗಳುವಾರು ಡಬ್ಬದಲ್ಲಿ ಇಡಿ. ಭಾನುವಾರ ಬಿದ್ದರೆ ಶನಿವಾರವೇ ಓದಿಸಿ. ಮುಂದಿನ ವರ್ಷ ಮುಂಬದಿಯ ಎರಡು ಸಾಲನ್ನು ಹಿಂಬದಿಗೆ ಹಾಕಿ, ಹಿಂಬದಿಯ ಎರಡನ್ನು ಮುಂಬದಿಗೆ ತಂದರೆ ಹೊಸ ಪಟ್ಟಿ ಸಿದ್ಧ. ಸೆಪ್ಟೆಂಬರ್ 15ರ ಚೀಟಿಯ ಮೂಲೆಯಲ್ಲಿ ಕೆಂಪು ಶಾಯಿಯಿಂದ ‘2030’ ಎಂದು ಬರೆದಿಡಿ. ಆ ರೈಲು ಮಾರ್ಗಕ್ಕೆ ಅಂದು ಇನ್ನೂರು ವರ್ಷ ತುಂಬುತ್ತದೆ, ಆ ವರ್ಷ ಐದು ಸಾಲನ್ನೂ ರೈಲಿಗೇ ಕೊಡಬಹುದು.