ನಿಧಾನ ಓಡಿಸುವುದೇ ನನ್ನ ಕಸುಬು

"ಇಷ್ಟು ನಿಧಾನ ಓಡೋಕೆ ನಿಮಗೆ ದುಡ್ಡು ಬೇರೆ ಕೊಡಬೇಕಾ ಸರ್?"

ನನ್ನ ಓಟದ ಕೋಚಿಂಗ್‌ಗೆ ಹೊಸದಾಗಿ ಸೇರಿದವರು ಮೊದಲ ವಾರವೇ ಹೀಗೆ ಕೇಳುತ್ತಾರೆ. ಹೌದು, ಅದಕ್ಕೇ ಕೊಡಬೇಕು ಅನ್ನುತ್ತೇನೆ. ಜೋರಾಗಿ ಓಡಲು ಯಾರ ಸಹಾಯವೂ ಬೇಡ. ಮಾತಾಡಿಕೊಂಡು ಓಡುವಷ್ಟು ನಿಧಾನಕ್ಕೆ ಜನರನ್ನು ಇಳಿಸುವುದೇ ಕಷ್ಟದ ಕೆಲಸ. ವಾರದ ಓಟದಲ್ಲಿ ಹೆಚ್ಚಿನದೆಲ್ಲ ಹಾಗಿರಬೇಕು, ಉಸಿರು ಕಟ್ಟುವ ಓಟ ಒಂದೆರಡು ದಿನ ಸಾಕು. ಹೆಚ್ಚಿನವರು ದಿನಾ ಅರ್ಧ ಜೋರಲ್ಲಿ ಓಡಿ, ಸುಮ್ನೆ ಸುಸ್ತಾಗಿ, ಮೊಣಕಾಲು ಹಿಡಿದುಕೊಂಡು ಕೂರುತ್ತಾರೆ.

ಕಾರವಾರದಲ್ಲಿ ಇದು ಇನ್ನೂ ಮುಖ್ಯ. ನಮ್ಮ ಗಾಳಿಯಲ್ಲಿ ತೇವ ಜಾಸ್ತಿ. ಬೆವರು ಇಳಿಯುತ್ತದೆ, ಆರುವುದಿಲ್ಲ. ಆರದಿದ್ದರೆ ಮೈ ತಂಪಾಗುವುದಿಲ್ಲ, ಅದೇ ವೇಗಕ್ಕೆ ಎದೆಬಡಿತ ಏರುತ್ತದೆ. ಏಪ್ರಿಲ್‌ನಲ್ಲಿ ಟಾಗೋರ್ ಬೀಚ್ ಪಕ್ಕ ಓಡುವವರಿಗೆ ವಾಚಿನ ವೇಗ ನೋಡಬೇಡಿ, ಉಸಿರು ನೋಡಿ ಅನ್ನುತ್ತೇನೆ. ಒಂದು ಗಂಟೆ ಓಡಿಸಿ, ಮುಂಚೆ ಮತ್ತು ಆಮೇಲೆ ತೂಕ ಹಾಕಿಸುತ್ತೇನೆ. ಒಂದು ಕಿಲೋ ಇಳಿದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು, ನಡುವೆ ಕುಡಿದ ನೀರನ್ನೂ ಅದಕ್ಕೆ ಸೇರಿಸಬೇಕು. ಒಬ್ಬರಿಗೊಬ್ಬರಿಗೆ ಇದರಲ್ಲಿ ಅಜಗಜಾಂತರ. ಇಲ್ಲಿ ಎಲ್ಲರಿಗೂ ಎಳನೀರೇ ಮದ್ದು. ಆದರೆ ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಬೆವರಲ್ಲಿ ಹೋಗುವ ಸೋಡಿಯಂ, ಅಂದರೆ ಉಪ್ಪಿನ ಅಂಶ, ಅದರಲ್ಲಿ ಕಡಿಮೆ. ಉದ್ದದ ಓಟದ ಮೇಲೆ ಉಪ್ಪು ಹಾಕಿದ ಗಂಜಿ, ಜೊತೆಗೆ ಉಪ್ಪಿನಕಾಯಿ ನನ್ನ ಸಲಹೆ. ಡಬ್ಬದ ಪುಡಿ ಮಾರಿ ಕಮಿಷನ್ ತೆಗೆದುಕೊಳ್ಳುವುದಿಲ್ಲ. ಒಮ್ಮೆ ಮಾರಿದರೆ ನನ್ನ ಸಲಹೆಯನ್ನು ಯಾರು ನಂಬುತ್ತಾರೆ?

ಇನ್ನು ಹೊಟ್ಟೆಪಾಡಿನ ಮಾತು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಮಾಡಿದೆ. ಕಲಿತದ್ದು ದಿನಾ ಉಪಯೋಗಕ್ಕೆ ಬರುತ್ತದೆ. ಆದರೆ ಅದನ್ನು ತೋರಿಸಿ ಎಂದು ಇಲ್ಲಿ ಯಾರೂ ಕೇಳಿಲ್ಲ. ಕೇಳುವುದು, "ನೀವು ಓಡಿಸಿದವರು ಯಾರು?" ಅಂತ. ಅದಕ್ಕೇ ಮೊದಲು ಕೆಲಸ ಬಿಡದೆ, ಬೆಳಿಗ್ಗೆ ಬೀಚ್‌ನಲ್ಲಿ ಪುಕ್ಕಟೆ ಓಡಿಸಿದೆ.

ಕಾರವಾರ ವರ್ಗಾವಣೆಯ ಊರು. ನೌಕಾನೆಲೆಯವರು, ಕೈಗಾ ಅಣುಸ್ಥಾವರದವರು ಬರುತ್ತಾರೆ, ಕೆಲವು ವರ್ಷಕ್ಕೆ ಹೊರಡುತ್ತಾರೆ. ಹೀಗಾದರೆ ಬ್ಯಾಚ್ ಉಳಿಯುವುದು ಹೇಗೆ ಎಂಬ ಚಿಂತೆ ಇತ್ತು. ಹೋದವರು ವಿಶಾಖಪಟ್ಟಣದಿಂದಲೋ ಕೊಚ್ಚಿಯಿಂದಲೋ ಫೋನ್ ಮಾಡಿ, "ಪ್ಲ್ಯಾನ್ ಕಳಿಸ್ತಾ ಇರಿ ಸರ್" ಅಂದರು. ನನ್ನ ಆನ್‌ಲೈನ್ ಕೋಚಿಂಗ್ ಹುಟ್ಟಿದ್ದು ಹಾಗೆ, ಜಾಹೀರಾತಿನಿಂದ ಅಲ್ಲ. ಈಗ ಮನೆಖರ್ಚು ಹೆಚ್ಚಾಗಿ ಅದರಿಂದಲೇ ನಡೆಯುತ್ತದೆ.

ಪ್ಲ್ಯಾನ್ ಫೋನಲ್ಲಿ ಬೇಕಾದಷ್ಟು ಸಿಗುತ್ತದೆ, ಅಲ್ವಾ? ದುಡ್ಡು ಕೊಡುವುದು ಅದನ್ನು ಬದಲಿಸುವವರಿಗೆ. ಭಾನುವಾರ ಸಂಜೆ ಒಬ್ಬೊಬ್ಬರ ವಾರವನ್ನೂ ಕೂತು ಓದುತ್ತೇನೆ. ನಿದ್ದೆ ಎಷ್ಟು, ನೈಟ್ ಶಿಫ್ಟ್ ಇತ್ತಾ, ಮನೆಯಲ್ಲಿ ಮದುವೆಯಾ. ಹೀಗೆ ಓದಲು ಆಗುವಷ್ಟು ಜನರನ್ನು ಮಾತ್ರ ಸೇರಿಸಿಕೊಳ್ಳುತ್ತೇನೆ. ಫೀ ಮೂರು ತಿಂಗಳಿಗೊಮ್ಮೆ. ಒಂದು ತಿಂಗಳಲ್ಲಿ ಮೈ ಏನೂ ತೋರಿಸುವುದಿಲ್ಲ, ಜನ ಬೇಸತ್ತು ಬಿಡುತ್ತಾರೆ. ಎದೆನೋವು ಅಂದವರನ್ನು ಡಾಕ್ಟರ ಹತ್ತಿರ ಕಳಿಸುತ್ತೇನೆ. ಕಾಲಿನ ಎಲುಬಿನ ಮೇಲೆ ಒಂದೇ ಜಾಗಕ್ಕೆ ಬೆರಳಿಟ್ಟು ಇಲ್ಲಿ ನೋವು ಅಂದರೂ ಅಷ್ಟೇ, ಓಟ ಅವತ್ತೇ ಬಂದ್.

ಮಳೆಗಾಲ ಸ್ವಲ್ಪ ಬಿಗಿ. ಈಜಲು ಯಾರನ್ನೂ ಸಮುದ್ರಕ್ಕೆ ಇಳಿಸುವುದಿಲ್ಲ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು, ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಅಂಥ ಮಳೆಯಲ್ಲಿ ಹೆದ್ದಾರಿಗೆ ಸೈಕಲ್ ಬೇಡವೇ ಬೇಡ. ಮನೆಯೊಳಗೆ ಟ್ರೈನರ್ ಸ್ಟ್ಯಾಂಡಿಗೆ ಸೈಕಲ್ ಸಿಕ್ಕಿಸಿ ನಿಂತಲ್ಲೇ ತುಳಿಯಿರಿ, ಮೆಟ್ಟಿಲು ಹತ್ತಿ ಅನ್ನುತ್ತೇನೆ. ಬೀಚ್ ಬ್ಯಾಚ್ ಅರ್ಧ ಖಾಲಿ. ಆದರೆ ಜನವರಿಯ ಮುಂಬೈ ಮ್ಯಾರಥಾನ್ ಓಡುವವರ ತಯಾರಿ ಮಳೆ ಪೂರ್ತಿ ನಿಲ್ಲುವ ಮೊದಲೇ ಶುರುವಾಗಬೇಕು. ಹಾಗಾಗಿ ದೂರದವರಿಗೆ ಈ ತಿಂಗಳುಗಳೇ ಕೆಲಸದ ಕಾಲ. ರಸ್ತೆ ಒಣಗಿದ ಮೇಲೆ ಸೈಕಲ್‌ನವರಿಗೆ ದೇವಿಮನೆ ಘಾಟಿ. ಶಿರಸಿ ಕಡೆ ಹತ್ತುವಾಗಲೂ ನನ್ನದು ಅದೇ ಮಾತು, ನಿಧಾನ.