ತಿರುಚಿದ ಬಿಲ್ಲಿನ ತೋಳನ್ನು ಸರಿ ಮಾಡಿದ್ದು

ಹಳೇ ರಿಕರ್ವ್ ಬಿಲ್ಲಿಗೆ (ತುದಿಗಳು ಆಚೆಗೆ ಬಾಗಿರುವ ಬಿಲ್ಲು) ಹೆದೆ ಏರಿಸಿದರೆ ಸಾಕು, ಕೆಳತೋಳಿನ, ಅಂದರೆ ಹಿಡಿಯ ಕೆಳಗಿನ ಬಾಗುವ ಭಾಗದ, ತುದಿಯಲ್ಲಿ ಅದು ತಾನು ಕೂರಬೇಕಾದ ನಡುಗೀರು ಬಿಟ್ಟು ಎಡಕ್ಕೆ ಸರಿದು ಕೂರುತ್ತಿತ್ತು. ತುದಿಯಲ್ಲಿ ಹೆದೆ ಸಿಕ್ಕಿಸುವ ಕಚ್ಚುಗಳು ಸಮವಾಗಿದ್ದವು, ತೋಳಿನ ಅಂಟಿಸಿದ ಪದರಗಳು ಬಿಟ್ಟುಕೊಂಡಿರಲಿಲ್ಲ, ಅಂದರೆ ತೋಳೇ ತಿರುಚಿಕೊಂಡಿದೆ. ಬಿರುಕಿದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಹೆದೆ ಬಿಚ್ಚಿ, ತೋಳನ್ನು ಕೈಗೆ ತಡೆಯುವಷ್ಟು ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಟ್ಟೆ. ಕುದಿಯುವ ನೀರು ಬೇಡ, ಫೈಬರ್‌ಗ್ಲಾಸನ್ನೂ ಮರವನ್ನೂ ಹಿಡಿದಿರುವ ಅಂಟು ಸಡಿಲವಾದರೆ ಬಿಲ್ಲೇ ಹೋಯ್ತು ಅಲ್ವಾ. ಆಮೇಲೆ ತಿರುಚಿದ್ದಕ್ಕೆ ವಿರುದ್ಧವಾಗಿ, ನೇರಕ್ಕಿಂತ ಕೊಂಚ ಜಾಸ್ತಿಯೇ ತಿರುಗಿಸಿ, ತಣ್ಣಗಾಗುವವರೆಗೂ ಹಿಡಿದುಕೊಂಡೆ, ಯಾಕೆಂದರೆ ಬಿಟ್ಟ ಕೂಡಲೇ ಅದು ಒಂದಿಷ್ಟು ಹಿಂದಕ್ಕೆ ಬರುತ್ತದೆ. ಇದನ್ನೇ ಮತ್ತೆ ಮತ್ತೆ ಮಾಡಬೇಕಾಯಿತು.

ಈಗ ಹೆದೆ ಗೀರಿನಲ್ಲೇ ಕೂರುತ್ತದೆ. ಕಾಲಿನ ನಡುವೆ ಸಿಕ್ಕಿಸಿ ಹೆದೆ ಏರಿಸಿದರೆ ಮತ್ತೆ ತಿರುಚಬಹುದು, ಅದಕ್ಕೇ ಎರಡೂ ತುದಿಗೆ ಸಿಕ್ಕಿಸಿ ಬಿಲ್ಲನ್ನು ಸಮವಾಗಿ ಬಗ್ಗಿಸುವ ಸ್ಟ್ರಿಂಗರ್ ಹಗ್ಗ ಬಳಸುತ್ತಿದ್ದೇನೆ.